ಕೊನೇ ಸಾಲಲ್ಲಿ ನಿಂತೋರಿಗೂ ಕೇಳ್ಬೇಕು

ಎಲ್ರಿಗೂ ನಮಸ್ಕಾರ. ರಾಕ್ ಮ್ಯೂಸಿಕ್ ಬಗ್ಗೆ ಏನಾದ್ರೂ ಮಾತಾಡಿ ಅಂತ ನನ್ನ ಕರೆದ್ರು. ನಾನು ನುಡಿಸೋನಲ್ಲ, ಟಿಕೆಟ್ ತಗೊಂಡು ಮೈದಾನದಲ್ಲಿ ನಿಂತು ಕೇಳೋನು, ಹಂಗಾಗಿ ಕೇಳೋರ ಕಡೆಯಿಂದಾನೇ ಮಾತಾಡ್ತೀನಿ ಅಂತ ಹೇಳಿ ಒಪ್ಕೊಂಡೆ. ಅವತ್ತು ಆಡಿದ ಮಾತನ್ನೇ ಇಲ್ಲಿ ಬರೆದಿದೀನಿ, ಧಾಟಿ ಹಂಗೇ ಬಿಟ್ಟಿದೀನಿ, ಆಮೇಲೆ ಸಭೇಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನ ಕೊನೇಲಿ ಸೇರ್ಸಿದೀನಿ.

ನೇರವಾಗಿ ವಿಷ್ಯಕ್ಕೆ ಬರ್ತೀನಿ. ಒಂದು ಬ್ಯಾಂಡು ಟೂರ್ ಹೊರಡ್ತು ಅಂದ್ರೆ ಊರೂರಿಗೂ ಅದೇ ನಾಲ್ಕೈದು ಜನ, ಅದೇ ಹಾಡುಗಳು, ಹೆಚ್ಚುಕಮ್ಮಿ ಅದೇ ಸೆಟ್‌ಲಿಸ್ಟು, ಅಂದ್ರೆ ನುಡಿಸೋ ಹಾಡುಗಳ ಸಾಲು, ಅದೇ ಲೈಟು. ಆದ್ರೂ ಒಂದೂರಲ್ಲಿ ಜನ ಗಂಟಲು ಹರ್ಕೊಂಡು ಹಾಡಿ ಖುಷಿಯಾಗಿ ಮನೆಗೆ ಹೋಗ್ತಾರೆ, ಇನ್ನೊಂದೂರಲ್ಲಿ ಬೈಕೊಂಡು ಹೋಗ್ತಾರೆ. ಸಿಂಗರ್‌ಗೆ ಅವತ್ತು ನೆಗಡಿ ಇತ್ತು, ಡ್ರಮ್ಮರ್ ಮೂಡು ಸರಿ ಇರ್ಲಿಲ್ಲ, ಇವೆಲ್ಲ ಇದ್ದಿದ್ದೇ. ಆದ್ರೆ ಇಷ್ಟು ವರ್ಷ ನಿಂತು ನೋಡಿದ್ಮೇಲೆ ನನಗೆ ಒಂದು ವಿಷ್ಯ ಗಟ್ಟಿಯಾಗಿದೆ. ಎಲ್ಲರಿಗಿಂತ ಕಮ್ಮಿ ದುಡ್ಡಿನ ಟಿಕೆಟ್ ತಗೊಂಡು ಎಲ್ಲರಿಗಿಂತ ಹಿಂದೆ ನಿಂತಿರ್ತಾನಲ್ಲ, ಅವನನ್ನ ಮನಸ್ಸಲ್ಲಿಟ್ಕೊಂಡು ಕಟ್ಟಿದ ಶೋ ಕೆಡೋದು ಬಹಳ ಕಷ್ಟ. ಅವನನ್ನ ಮರೆತು ಕಟ್ಟಿದ್ರೆ ಸ್ಟೇಜ್ ಮೇಲೆ ಎಂಥಾ ದೊಡ್ಡ ಹೆಸರಿದ್ರೂ ಉಳಿಸೋಕಾಗಲ್ಲ.

ಇದಕ್ಕೆ ನಮ್ಮ ದೇಶದಲ್ಲೇ ನಡೆದ ಉದಾಹರಣೆ ಇದೆ, ಎರಡು ದಿನದ ಅಂತರದಲ್ಲಿ. 2011ರ ಅಕ್ಟೋಬರ್, ದೀಪಾವಳಿ ಆಗ ತಾನೇ ಮುಗಿದಿತ್ತು. ಅಮೆರಿಕದ ಮೆಟಲ್ ಬ್ಯಾಂಡು ಮೆಟಾಲಿಕಾ (ಮೆಟಲ್ ಅಂದ್ರೆ ರಾಕಿನ ಜೋರಾದ, ಗಡಸು ರೂಪ) ಮೊದಲನೇ ಸಲ ಭಾರತಕ್ಕೆ ಬರ್ತಾ ಇತ್ತು, 28ಕ್ಕೆ ದಿಲ್ಲಿ ಪಕ್ಕದ ಗುರುಗಾಂವ್, 30ಕ್ಕೆ ಬೆಂಗ್ಳೂರು. ಅದೇ 30ರ ಭಾನುವಾರ ನೋಯ್ಡಾ ಕಡೆ ಭಾರತದ ಮೊದಲ ಫಾರ್ಮುಲಾ ಒನ್ ರೇಸ್ ಇತ್ತು, ಅದರ ಸಂಭ್ರಮಕ್ಕೆ ಅಂತಾನೇ ಗುರುಗಾಂವ್ ಶೋ ಇಟ್ಟಿದ್ರು. ಲೀಷರ್ ವ್ಯಾಲಿ ಅನ್ನೋ ಪಾರ್ಕಲ್ಲಿ ಮಧ್ಯಾಹ್ನದಿಂದಾನೇ ಜನ ತುಂಬ್ಕೊಂಡ್ರು. ಸ್ಟೇಜ್ ಮುಂದಿನ ಬ್ಯಾರಿಕೇಡ್ ಆ ಜನರ ಒತ್ತಡಕ್ಕೆ ನಿಲ್ಲೋ ಸ್ಥಿತೀಲಿರ್ಲಿಲ್ಲ. ಬ್ಯಾಂಡಿನವರು ಜನರ ಸುರಕ್ಷತೆ ನೋಡಿ ಸ್ಟೇಜ್ ಹತ್ತಲಿಲ್ಲ. ಮೊದ್ಲು ನಾಳೆಗೆ ಮುಂದೂಡಿದೀವಿ ಅಂತ ಹೇಳಿದ್ರು, ಅಷ್ಟೊತ್ತು ಕಾದಿದ್ದ ಜನ ಸಿಟ್ಟಿಗೆದ್ದು ಸ್ಟೇಜ್ ಹತ್ತಿ ಸಾಮಾನು ಮುರಿದು ಹಾಕಿದ್ರು, ಕೊನೆಗೆ ಶೋ ಪೂರ್ತಿ ಕ್ಯಾನ್ಸಲ್. ಆಯೋಜಕರ ಕಡೆಯ ಕೆಲವರನ್ನ ಪೊಲೀಸ್ರು ಅರೆಸ್ಟ್ ಮಾಡಿದ್ರು, ಇದೆಲ್ಲ ಆಗ ಪೇಪರಲ್ಲಿ ಬಂದಿದ್ದೇ.

ಆ ಶನಿವಾರ ಬೆಂಗ್ಳೂರಲ್ಲಿ ನಮ್ಮ ಗತಿ ಏನಾಗಿತ್ತು ಅಂತ ಕೇಳ್ಬೇಡಿ. ಎಲ್ರ ಕೈಲೂ ಫೋನು, ಎಲ್ರದೂ ಒಂದೇ ಪ್ರಶ್ನೆ, ನಮ್ದೂ ಕ್ಯಾನ್ಸಲ್ಲಾ? ಯಾರೋ ಒಬ್ರು ಬ್ಯಾಂಡು ವಾಪಸ್ ಹೋಯ್ತಂತೆ ಅಂತ ಮೆಸೇಜ್ ಮಾಡೋದು, ಇನ್ನೊಬ್ರು ಇಲ್ಲ ಹೋಟೆಲಲ್ಲಿ ನೋಡಿದ್ರಂತೆ ಅನ್ನೋದು, ಹೈಸ್ಕೂಲಿಂದ ಕ್ಯಾಸೆಟ್ಟಲ್ಲಿ ಕೇಳ್ತಾ ಬಂದಿದ್ದ ಬ್ಯಾಂಡು ಎರಡೂವರೆ ಮೂರು ಗಂಟೆ ಫ್ಲೈಟ್ ದೂರದಲ್ಲಿದೆ, ಬರುತ್ತೋ ಇಲ್ವೋ ಗೊತ್ತಿಲ್ಲ, ಹಂಗೆ ಒಂದಿಡೀ ದಿನ ಕಳೆದ್ವಿ.

ಭಾನುವಾರ ಅರಮನೆ ಮೈದಾನದಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗ್ರ ಗುಂಪು ಗುರುಗಾಂವಿಂದಾನೇ ಬಂದಿತ್ತು. ಅಲ್ಲಿ ಟಿಕೆಟ್ ಹೋಯ್ತಲ್ಲ ಅಂತ ಶನಿವಾರ ಫ್ಲೈಟ್ ಹಿಡಿದು ಬೆಂಗ್ಳೂರಿಗೆ ಬಂದು ಹೆಂಗೋ ಇನ್ನೊಂದು ಟಿಕೆಟ್ ಹೊಂದಿಸ್ಕೊಂಡಿದ್ರು. ಕಣ್ಣೆಲ್ಲ ಕೆಂಪಗೆ, ನಿದ್ದೆ ಇಲ್ಲ, ಆದ್ರೂ ಲೈಟ್ ಆರೋ ತನಕ ಯಾರೂ ಬಾಯಿ ಬಿಟ್ಟು ಖುಷಿ ಪಡ್ತಾ ಇರ್ಲಿಲ್ಲ, ಎಲ್ಲಿ ಮತ್ತೆ ಯಾರಾದ್ರೂ ಮೈಕ್ ಹಿಡ್ಕೊಂಡು ಬಂದು ಮುಂದೂಡಿದೀವಿ ಅಂತಾರೋ ಅಂತ. ನಮ್ಮ ಊರಿನ ಬ್ಯಾಂಡು ಇನ್ನರ್ ಸ್ಯಾಂಕ್ಟಮ್ ನುಡಿಸಿದ್ರು, ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ನುಡಿಸಿದ್ರು. ಆಮೇಲೆ ಲೈಟ್ ಆರ್ತು, ಇಟಲಿಯ ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೋನೆಯ ಹಳೇ ಸಿನಿಮಾ ಸಂಗೀತ ಸ್ಪೀಕರಿಂದ ಬಂತು. ಮೆಟಾಲಿಕಾ 1983ರಿಂದ ಶೋ ಶುರು ಮಾಡೋದೇ ಅದನ್ನ ಹಾಕಿ, ಅದು ಗೊತ್ತಿರೋ ಯಾರಿಗೇ ಆದ್ರೂ ಆ ಮೊದಲ ಸ್ವರ ಕೇಳಿದ ಕೂಡ್ಲೇ ಅರ್ಥ ಆಗುತ್ತೆ, ಇನ್ನು ಇದನ್ನ ಯಾರೂ ನಿಲ್ಲಿಸಲ್ಲ ಅಂತ. ಆ ದಿಲ್ಲಿ ಹುಡುಗ್ರು ಒಬ್ರನ್ನೊಬ್ರು ತಬ್ಕೊಂಡು ಅತ್ರು. ನಾನೂ ಅತ್ತೆ. ನನ್ನ ಜೀವನದಲ್ಲಿ ಅಂಥಾ ಇನ್ನೊಂದು ಸಂಜೆ ಇಲ್ಲ.

ಈಗ ಯೋಚ್ನೆ ಮಾಡಿ, ಬ್ಯಾಂಡು ಅದೇ, ಸಾಮಾನು ಅದೇ, ಅಭಿಮಾನಿಗಳ ಹುಚ್ಚೂ ಅದೇ. ಒಂದು ಕಡೆ ಕಬ್ಬಿಣದ ಬೇಲಿ ನಿಲ್ಲಲಿಲ್ಲ, ಇನ್ನೊಂದು ಕಡೆ ನಿಂತಿತು. ಇಷ್ಟೇ ವ್ಯತ್ಯಾಸ.

ಈ ಬೇಲಿ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಶೋ ಕ್ಯಾನ್ಸಲ್ ಆದ್ರೆ ನಮ್ಮಲ್ಲಿ ಮೊದ್ಲು ಬೈಯೋದು ಬ್ಯಾಂಡನ್ನ, ಕೊಬ್ಬು ಅವ್ರಿಗೆ ಅಂತ. ದೊಡ್ಡ ರಾಕ್ ಶೋಗಳಲ್ಲಿ ಸ್ಟೇಜ್ ಮುಂದೆ ಇಡೋ ಬ್ಯಾರಿಯರ್ ನಮ್ಮ ರಥೋತ್ಸವಕ್ಕೆ ರಸ್ತೆಗೆ ಅಡ್ಡ ಇಡೋ ಪೊಲೀಸ್ ಬ್ಯಾರಿಕೇಡ್ ಥರ ಅಲ್ಲ. ಅದರ ಬುಡದಲ್ಲಿ ಜನರ ಕಡೆಗೆ ಚಾಚ್ಕೊಂಡ ಒಂದು ಅಗಲವಾದ ತಗಡು ಇರುತ್ತೆ, ಮುಂದಿನ ಸಾಲಿನೋರು ಅದರ ಮೇಲೇನೇ ನಿಂತಿರ್ತಾರೆ, ಅವರ ತೂಕವೇ ಬೇಲೀನ ನೆಲಕ್ಕೆ ಒತ್ತಿ ಹಿಡಿಯುತ್ತೆ, ಹಿಂದಿನಿಂದ ಜನ ಎಷ್ಟು ನೂಕಿದ್ರೂ ಬೀಳಲ್ಲ. ಬೇಲಿಗೂ ಸ್ಟೇಜಿಗೂ ನಡುವೆ ಒಂದು ಗಲ್ಲಿ ಬಿಟ್ಟಿರ್ತಾರೆ, ಉಸಿರು ಕಟ್ಟಿದೋರನ್ನ ಸೆಕ್ಯೂರಿಟಿಯೋರು ಮೇಲಿಂದ ಎಳ್ಕೊಂಡು ಆ ಗಲ್ಲೀಲಿ ಹೊರಗೆ ಕಳಿಸ್ತಾರೆ. ಇದೆಲ್ಲ ಸುಮ್ನೆ ಬಂದ ವ್ಯವಸ್ಥೆ ಅಲ್ಲ. 2000ನೇ ಇಸವಿ ಜೂನ್ 30ಕ್ಕೆ ಡೆನ್ಮಾರ್ಕಿನ ರೋಸ್ಕಿಲ್ಡ್ ಹಬ್ಬದಲ್ಲಿ ಅಮೆರಿಕದ ಪರ್ಲ್ ಜ್ಯಾಮ್ ಬ್ಯಾಂಡು ನುಡಿಸ್ತಾ ಇದ್ದಾಗ ಮುಂದಿನ ಜನಜಂಗುಳಿಯಲ್ಲಿ ಸಿಕ್ಕಿ 9 ಜನ ಸತ್ರು. ಸ್ಟೇಜ್ ಮೇಲಿಂದ ಸಿಂಗರ್ ಎಡ್ಡಿ ವೆಡ್ಡರ್ ಹಿಂದೆ ಸರೀರಿ ಹಿಂದೆ ಸರೀರಿ ಅಂತ ಜನರನ್ನ ಬೇಡ್ಕೊಂಡ, ಅಷ್ಟೊತ್ತಿಗೆ ತಡವಾಗಿತ್ತು. ಆ ಬ್ಯಾಂಡು ಅದಾದ್ಮೇಲೆ ಸಂಗೀತಾನೇ ಬಿಡೋ ಹಂತಕ್ಕೆ ಹೋಗಿತ್ತು. ಅಂಥದ್ದನ್ನ ಕಂಡಿರೋ ಕಾಲದ ಬ್ಯಾಂಡುಗಳು ಸಡಿಲ ಬೇಲಿ ನೋಡಿ ಸ್ಟೇಜ್ ಹತ್ತಲ್ಲ ಅಂದ್ರೆ ಅದು ಸರಿಯಾದ ನಿರ್ಧಾರ. ಗುರುಗಾಂವಲ್ಲಿ ಅವತ್ತು ಸಾವಿರಾರು ಜನಕ್ಕೆ ನಿರಾಸೆ ಆಯ್ತು, ಆದ್ರೆ ಎಲ್ರೂ ಜೀವಂತ ಮನೆಗೆ ಹೋದ್ರು. ನಮ್ಮೂರಲ್ಲೇ 2025ರ ಜೂನ್ 4ಕ್ಕೆ ಚಿನ್ನಸ್ವಾಮಿ ಸ್ಟೇಡಿಯಂ ಗೇಟಲ್ಲಿ 11 ಜನ ಹೋದ್ರಲ್ಲ, ಸಂಭ್ರಮಕ್ಕೆ ಅಂತ ಬಂದೋರು. ಕ್ರಿಕೆಟ್ ಇರ್ಲಿ ರಾಕ್ ಇರ್ಲಿ, ಜನ ಎಲ್ಲಿಂದ ಬರ್ತಾರೆ, ಎಲ್ಲಿ ನಿಲ್ತಾರೆ, ಎಲ್ಲಿಂದ ಹೊರಗೆ ಹೋಗ್ತಾರೆ ಅಂತ ಮುಂಚೇನೇ ಕೂತು ಯೋಚ್ನೆ ಮಾಡ್ದೆ ಗೇಟ್ ತೆಗೆಯೋದು ನನ್ನ ಪ್ರಕಾರ ಅಪರಾಧ.

ಇನ್ನು ಖುಷಿ ವಿಷ್ಯಕ್ಕೆ ಬರ್ತೀನಿ. ಮೆಟಾಲಿಕಾಗಿಂತ ಮುಂಚೆ, 2007ರ ಮಾರ್ಚ್ 17, ಶನಿವಾರ. ಇಂಗ್ಲೆಂಡಿನ ಮೆಟಲ್ ಬ್ಯಾಂಡು ಐರನ್ ಮೇಡನ್, ಅದೇ ಅರಮನೆ ಮೈದಾನ. ಅಷ್ಟೊತ್ತಿಗೆ ಅಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಲ್ಲಿದ್ದ ರೋಜರ್ ವಾಟರ್ಸ್ ಬಂದು ಹೋಗಿದ್ರು 2002ರಲ್ಲಿ, ರೋಲಿಂಗ್ ಸ್ಟೋನ್ಸ್ ಬಂದಿದ್ರು 2003ರಲ್ಲಿ. ಆದ್ರೆ ಮೆಟಲ್ ಕೇಳೋ ನಮಗೆ ನಮ್ಮ ಬ್ಯಾಂಡು ಅಂತ ಬಂದಿದ್ದು ಅದೇ ಮೊದ್ಲು. ಅವ್ರು ಭಾರತದಲ್ಲಿ ನುಡಿಸಿದ್ದೂ ಅದೇ ಮೊದಲ ಸಲ. ಆವಾಗ ಎಲ್ಲೆಲ್ಲಿಂದ ಜನ ಬಂದಿದ್ರು ಅಂದ್ರೆ, ಗುವಾಹಟಿ ಕಡೆಯಿಂದ ಮೂರು ದಿನ ರೈಲಲ್ಲಿ ಬಂದ ಹುಡುಗ್ರು ಮೈದಾನದಲ್ಲಿ ಬ್ಯಾಗ್ ತಲೆಗೆ ಇಟ್ಕೊಂಡು ಮಲಗಿದ್ರು, ಹುಬ್ಳಿ, ಮಂಗ್ಳೂರು, ಕೇರಳ, ಎಲ್ಲ ಕಡೆಯೋರೂ ಕಪ್ಪು ಟೀ ಶರ್ಟು. ಯುಗಾದಿಗೆ ಎರಡು ಮೂರು ದಿನ ಇತ್ತು, ಬಿಸಿಲು ಅಂದ್ರೆ ಬಿಸಿಲು. ದಿಲ್ಲಿಯ ಪರಿಕ್ರಮ ಬ್ಯಾಂಡಿನೋರು ಮೊದ್ಲು ನುಡಿಸಿದ್ರು.

ಈ ಟೂರಿಗೆ ಒಂದು ಹಿನ್ನೆಲೆ ಇದೆ, ಅದು ನನ್ನ ಇವತ್ತಿನ ವಿಷ್ಯಕ್ಕೆ ಸರಿಯಾಗಿ ಕೂರುತ್ತೆ. 2006ರಲ್ಲಿ ಮೇಡನ್ ಹೊಸ ಆಲ್ಬಂ ಬಂದಾಗ ಅಮೆರಿಕ, ಯೂರೋಪ್ ಎಲ್ಲ ಕಡೆ ಅದನ್ನ ಮೊದಲ ಹಾಡಿಂದ ಕೊನೇ ಹಾಡಿನ ತನಕ ಪೂರ್ತಿ ನುಡಿಸಿದ್ರು, ಒಂದು ಗಂಟೆಗಿಂತ ಜಾಸ್ತಿ ಬರೀ ಹೊಸದು. ಕೆಲವರಿಗೆ ಬಹಳ ಇಷ್ಟ ಆಯ್ತು, ಹಳೇ ಹಾಡಿಗೆ ಅಂತ ಬಂದೋರು ಗೊಣಗಿದ್ರು. ನನಗೆ ಆ ಧೈರ್ಯ ಇಷ್ಟ, ಹೊಸದನ್ನ ನಂಬದೇ ಇರೋ ಬ್ಯಾಂಡು ಬೇಗ ಒಣಗಿ ಹೋಗುತ್ತೆ. ಆದ್ರೆ ಅದೇ ಸೆಟ್ ಹಂಗೇ ಬೆಂಗ್ಳೂರಿಗೆ ಬಂದಿದ್ರೆ? ಮೊದಲನೇ ಸಲ ನೋಡ್ತಾ ಇರೋ, ಇನ್ನೊಂದು ಸಲ ನೋಡ್ತೀವೋ ಇಲ್ವೋ ಗೊತ್ತಿಲ್ದೆ ಇರೋ ಜನರ ಮುಂದೆ? 2007ರ ಹೊತ್ತಿಗೆ ಅವ್ರು ಹೊಸ ಹಾಡುಗಳನ್ನ ಅರ್ಧಕ್ಕೆ ಇಳಿಸಿ ಹಳೇವನ್ನ ತುಂಬಿಸಿದ್ರು. ಎದುರಿಗೆ ಯಾರು ನಿಂತಿದಾರೆ ಅಂತ ನೋಡಿ ಬಡಿಸೋದು ಅಂದ್ರೆ ಇದೇ.

ಫಿಯರ್ ಆಫ್ ದ ಡಾರ್ಕ್ ಅನ್ನೋ ಅವ್ರ ಹಳೇ ಹಾಡು ಶುರುವಾದಾಗ ಏನಾಯ್ತು ಅಂತ ಅಲ್ಲಿದ್ದ ಯಾರನ್ನ ಬೇಕಾದ್ರೂ ಕೇಳಿ. ಅದರಲ್ಲಿ ಸಾಹಿತ್ಯ ಇಲ್ದೇ ಇರೋ ಗಿಟಾರ್ ಭಾಗಾನೂ ಜನ ಓ ಓ ಅಂತ ಹಾಡ್ತಾರೆ, ಜಗತ್ತಿನ ಎಲ್ಲಾ ಊರಲ್ಲೂ ಇದು ಮೇಡನ್ ಅಭಿಮಾನಿಗಳ ಪದ್ಧತಿ. ಆದ್ರೆ ನಮ್ಗೆ ಅದನ್ನ ಯಾರೂ ಕಲಿಸಿರ್ಲಿಲ್ಲ, ಎಲ್ರೂ ಅವರವರ ರೂಮಲ್ಲಿ ಲೈವ್ ಆಲ್ಬಮ್ಮಿನ ಕ್ಯಾಸೆಟ್ ಹಾಕ್ಕೊಂಡು ಒಬ್ಬೊಬ್ರೇ ಕಲ್ತಿದ್ವಿ, ಬ್ರೆಜಿಲ್ ಜನಾನೋ ಇಂಗ್ಲೆಂಡ್ ಜನಾನೋ ಹಾಡಿದ್ದು ಕೇಳಿ ಕೇಳಿ. ಅವತ್ತು ಸಾವಿರಾರು ಜನ ಒಟ್ಟಿಗೆ ಹಾಡಿದಾಗ ಗೊತ್ತಾಯ್ತು, ಇಷ್ಟು ದಿನ ನಾನು ಒಬ್ನೇ ಅಂದ್ಕೊಂಡಿದ್ನಲ್ಲ, ಪಕ್ಕದ ಬೀದಿಯೋನೂ ಇದನ್ನೇ ಮಾಡ್ತಾ ಇದ್ದ ಅಂತ. ಶೋ ಮುಗಿಸಿ ಮೇಖ್ರಿ ಸರ್ಕಲ್ ಕಡೆ ನಡ್ಕೊಂಡು ಬರ್ತಾ ಇದ್ರೆ ಟೀ ಅಂಗಡೀಲಿ ಎಲ್ರ ಮುಖ ಸಪ್ಪೆ. ಅದೇ ರಾತ್ರಿ ಪೋರ್ಟ್ ಆಫ್ ಸ್ಪೇನಲ್ಲಿ ವರ್ಲ್ಡ್ ಕಪ್ ಮ್ಯಾಚು, ದ್ರಾವಿಡ್ ಟೀಮನ್ನ ಬಾಂಗ್ಲಾದೇಶ 191ಕ್ಕೆ ಆಲೌಟ್ ಮಾಡಿ ಆಮೇಲೆ ಗೆದ್ದೂಬಿಡ್ತು. ಇಡೀ ದೇಶ ತಲೆ ಮೇಲೆ ಕೈ ಹೊತ್ತು ಕೂತಿದ್ದ ಆ ರಾತ್ರಿ ಬೆಂಗ್ಳೂರಿನ ಒಂದು ರಸ್ತೇಲಿ ಮಾತ್ರ ಕಪ್ಪು ಟೀ ಶರ್ಟಿನ ಜನ ಹಾಡ್ಕೊಂಡು ನಡೀತಾ ಇದ್ರು.

ಅವತ್ತು ನಾನು ನಿಂತಿದ್ದ ಜಾಗ ಮುಂದೇನೂ ಅಲ್ಲ. ಸೌಂಡ್ ಎಂಜಿನಿಯರ್ ಸದ್ದು ಹೊಂದಿಸೋ ಮಿಕ್ಸಿಂಗ್ ಕನ್ಸೋಲಿಗಿಂತ ಹಿಂದೆ. ಆದ್ರೂ ಮೂರು ಗಿಟಾರ್ ಮೂರು ಗಿಟಾರಾಗೇ ಕೇಳ್ತಾ ಇತ್ತು. ಇದು ದೊಡ್ಡ ಮಾತು. ಸೌಂಡ್ ಕೆಟ್ರೆ ಮೇಡನ್‌ನ ಮೂರು ಗಿಟಾರು ಒಂದೇ ಮುದ್ದೆ ಆಗುತ್ತೆ, ಯಾರು ಏನು ನುಡಿಸ್ತಾ ಇದಾರೆ ಅಂತ ಗೊತ್ತಾಗಲ್ಲ.

ಸೌಂಡ್ ಯಾಕೆ ಕೆಡುತ್ತೆ ಅನ್ನೋದನ್ನ ನಾನು ಕನ್ಸೋಲ್ ಹತ್ರ ನಿಂತೂ ನಿಂತೂ, ಅಲ್ಲಿ ಕೆಲಸ ಮಾಡೋರನ್ನ ಕೇಳೀ ಕೇಳೀ ತಿಳ್ಕೊಂಡಿದ್ದು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಅಂದ್ರೆ ಸ್ಟೇಜಿಂದ 100 ಮೀಟರ್ ಹಿಂದೆ ನಿಂತೋನಿಗೆ ಡ್ರಮ್ ಏಟು ಕಾಣಿಸಿ ಹೆಚ್ಚುಕಮ್ಮಿ ಸೆಕೆಂಡಿನ ಮೂರನೇ ಒಂದು ಭಾಗ ಆದ್ಮೇಲೆ ಕೇಳ್ಸುತ್ತೆ. ಸ್ಕ್ರೀನಲ್ಲಿ ತುಟಿ ಅಲ್ಲಾಡೋದಕ್ಕೂ ಹಾಡು ಕೇಳೋದಕ್ಕೂ ತಾಳೆ ಆಗಲ್ಲ, ಸುಮಾರು ಜನ ಇದನ್ನ ನೋಡಿ ಲಿಪ್‌ಸಿಂಕ್ ಮಾಡ್ತಾ ಇದಾರೆ ಅಂದ್ಕೋತಾರೆ. ದೂರ ಹೋದಷ್ಟೂ ಸದ್ದು ಕಮ್ಮಿ ಆಗುತ್ತಲ್ಲ, ಅದಕ್ಕೆ ಮುಂದಿನ ಸ್ಪೀಕರ್ ಜೋರು ಮಾಡಿದ್ರೆ ಮುಂದಿರೋರ ಕಿವಿ ಹೋಗುತ್ತೆ, ಹಿಂದಿನೋರಿಗೆ ಬರೀ ಬಾಸ್ ದುಂ ದುಂ ಅನ್ನುತ್ತೆ. ಸರಿಯಾದ ದಾರಿ ಅಂದ್ರೆ ಮೈದಾನದ ಮಧ್ಯೆ ಇನ್ನೊಂದು ಸ್ಪೀಕರ್ ಕಂಬ ನಿಲ್ಲಿಸೋದು, ಡಿಲೇ ಟವರ್ ಅಂತಾರೆ. ಅದರಿಂದ ಬರೋ ಶಬ್ದಾನ ಬೇಕಂತಲೇ ಅಷ್ಟು ತಡ ಮಾಡಿ ಬಿಡ್ತಾರೆ, ಸ್ಟೇಜಿಂದ ಬರೋ ಶಬ್ದ ಅಲ್ಲಿಗೆ ತಲುಪೋ ಹೊತ್ತಿಗೆ ಇದೂ ಸೇರ್ಕೊಳ್ಳೋ ಹಾಗೆ. ಲೆಕ್ಕ ಸರಿ ಇದ್ರೆ ಹಿಂದಿನೋನಿಗೆ ಅಲ್ಲೊಂದು ಕಂಬ ಇದೆ ಅನ್ನೋದೇ ಮರ್ತು ಹೋಗುತ್ತೆ. ಅದಕ್ಕೆ ಖರ್ಚಿದೆ, ಜಾಗ ಬೇಕು, ಜನ ಬೇಕು. ಅದಕ್ಕೇ ದುಡ್ಡು ಉಳಿಸೋ ಶೋಗಳಲ್ಲಿ ಮೊದ್ಲು ಮಾಯ ಆಗೋದು ಈ ಕಂಬ. ಇನ್ನೊಂದು, ಮಧ್ಯಾಹ್ನ ಖಾಲಿ ಮೈದಾನದಲ್ಲಿ ಸೌಂಡ್‌ಚೆಕ್ ಮಾಡಿರ್ತಾರೆ, ಸಂಜೆ ಜನ ತುಂಬಿದ ಕೂಡ್ಲೇ ಅಷ್ಟೂ ಮೈಗಳು ಶಬ್ದದ ತೆಳುವಾದ ಎತ್ತರದ ಸ್ವರಗಳನ್ನ ಹೀರ್ಕೊಂಡ್ಬಿಡ್ತಾವೆ, ಗಾಳಿ ಬೇರೆ ತಿರುಗಿರುತ್ತೆ, ಹಂಗಾಗಿ ಒಳ್ಳೇ ಎಂಜಿನಿಯರ್‌ಗೂ ಅದನ್ನ ಹದಕ್ಕೆ ತರೋಕೆ ಎರಡು ಮೂರು ಹಾಡು ಬೇಕೇ ಬೇಕು. ಮೊದಲ ಹಾಡಿಗೇ ಸೌಂಡ್ ಸರಿ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ.

ಈಗ ಬೇಜಾರಿನ ಕಥೆ. ಹೆಸರು ಹೇಳಲ್ಲ, ಬ್ಯಾಂಡಿಂದೂ ಹೇಳಲ್ಲ, ನಡೆಸಿದೋರದೂ ಹೇಳಲ್ಲ. ನಾನು ಕಾಲೇಜಲ್ಲಿ ಹಗಲೂ ರಾತ್ರಿ ಕೇಳ್ತಿದ್ದ ಬ್ಯಾಂಡು. ಊರ ಹೊರಗಿನ ದೊಡ್ಡ ಬಯಲು. ಗೇಟಲ್ಲಿ ನೀರಿನ ಬಾಟ್ಲು ಕಿತ್ಕೊಂಡ್ರು, ಒಳಗೆ ನೀರಿನ ಒಂದೇ ಕೌಂಟರು, ಅದಕ್ಕೂ ಮೊದ್ಲು ಕೂಪನ್ ತಗೋಬೇಕು, ಕೂಪನ್‌ಗೆ ಇನ್ನೊಂದು ಕ್ಯೂ. ಸರಿ, ಅದೂ ತಡ್ಕೊಂಡ್ವಿ. ಒಳಗೆ ಹೋಗಿ ನೋಡಿದ್ರೆ ಸ್ಟೇಜ್ ಮುಂದಿನ ಜಾಗ ಪೂರ್ತಿ ವಿಐಪಿ ಅಂತ ಬೇಲಿ ಹಾಕಿದಾರೆ, ಅದರೊಳಗೆ ಸೋಫಾ, ಆ ಸೋಫಾಗಳಲ್ಲಿ ಅರ್ಧಕ್ಕರ್ಧ ಖಾಲಿ, ಕೂತಿದ್ದೋರಲ್ಲಿ ಎಷ್ಟೋ ಜನ ಸ್ಟೇಜಿಗೆ ಬೆನ್ನು ಹಾಕಿ ಮಾತಾಡ್ತಾ ಇದ್ರು. ದುಡ್ಡು ಕೂಡಿಟ್ಟು ಬಂದ ಹುಡುಗ್ರೆಲ್ಲ ಅದರ ಹಿಂದೆ, ಇನ್ನೊಂದು ಬೇಲಿ ಆಚೆ. ಡಿಲೇ ಟವರ್ ಇಲ್ಲ. ಸ್ಕ್ರೀನ್ ಎರಡರಲ್ಲಿ ಒಂದು ಅರ್ಧ ಶೋಗೆ ಕೈ ಕೊಡ್ತು.

ಬ್ಯಾಂಡು ಕೆಟ್ಟದಾಗಿ ನುಡಿಸ್ತಾ ಅಂದ್ರೆ ಇಲ್ಲ. ವಯಸ್ಸಾಗಿರೋ ಸಿಂಗರ್, ಗಿಟಾರ್ ಟ್ಯೂನಿಂಗ್ ಅರ್ಧ ಸ್ವರ ಇಳಿಸಿದ್ರು, ಅದು ತಪ್ಪಲ್ಲ, ಅರವತ್ತು ದಾಟಿದೋರು ಇಪ್ಪತ್ತೈದರ ಗಂಟಲಲ್ಲಿ ಹಾಡ್ಬೇಕು ಅಂತ ಕೇಳೋದು ಕ್ರೂರ. ಆದ್ರೆ ಅವ್ರ ಕಣ್ಣೆದುರಿಗೆ ಇದ್ದಿದ್ದು ಆ ಖಾಲಿ ಸೋಫಾ. ಹಾಡು ಮುಗಿದ್ರೆ ಮುಂದಿಂದ ನಾಲ್ಕು ಚಪ್ಪಾಳೆ, ನಾವು ಹಿಂದೆ ಕಿರಿಚಿದ್ದು ಅಲ್ಲಿಗೆ ತಲುಪ್ತಾ ಇತ್ತೋ ಇಲ್ವೋ. ಮೂರು ನಾಲ್ಕು ಹಾಡಾದ್ಮೇಲೆ ಸಿಂಗರ್ ಮಾತಾಡೋದೇ ಬಿಟ್ಟ, ಸುಮ್ನೆ ಒಂದಾದ್ಮೇಲೆ ಒಂದು ಮುಗಿಸ್ತಾ ಹೋದ. ಎನ್‌ಕೋರಿಗೆ, ಅಂದ್ರೆ ಮುಗಿದ್ಮೇಲೆ ಮತ್ತೆ ಬಂದು ನುಡಿಸೋ ಹಾಡುಗಳಿಗೆ, ಬರ್ಲಿಲ್ಲ. ನಾನು ಆ ಬ್ಯಾಂಡಿನ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ, ಇವತ್ತಿಗೂ ಕೇಳ್ತೀನಿ. ಸಿಟ್ಟಿರೋದು ಪ್ರೀತಿ ಇಟ್ಕೊಂಡು ಬಂದ ಜನಕ್ಕೂ ಆ ಬ್ಯಾಂಡಿಗೂ ನಡುವೆ ಅಷ್ಟು ದೊಡ್ಡ ಖಾಲಿ ಜಾಗ ಇಟ್ಟೋರ ಮೇಲೆ. ಜಾಸ್ತಿ ದುಡ್ಡು ಕೊಟ್ಟೋರಿಗೆ ಕೂರೋಕೆ ಜಾಗ ಬೇಕಾ, ಕೊಡಿ, ಪಕ್ಕದಲ್ಲಿ ಎತ್ತರಕ್ಕೆ ಅಟ್ಟ ಕಟ್ಟಿ ಕೊಡಿ, ಚೆನ್ನಾಗಿ ಕಾಣ್ಸುತ್ತೆ ಕೂಡ. ಮುಂದಿನ ನೆಲ ನಿಲ್ಲೋರದ್ದು.

ಬ್ಯಾಂಡಿನೋರೇ ಕೈಯಾರೆ ಕೆಡಿಸಿದ್ದಕ್ಕೂ ಒಂದು ಉದಾಹರಣೆ ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. 1992ರ ಆಗಸ್ಟ್ 8, ಕೆನಡಾದ ಮಾಂಟ್ರಿಯಲ್, ಒಲಿಂಪಿಕ್ ಸ್ಟೇಡಿಯಂ. ಮೆಟಾಲಿಕಾ, ಗನ್ಸ್ ಎನ್ ರೋಸಸ್ ಎರಡೂ ಒಟ್ಟಿಗೆ ಟೂರ್ ಮಾಡ್ತಾ ಇದ್ರು. ಮೆಟಾಲಿಕಾ ನುಡಿಸುವಾಗ ಅವ್ರ ಸಿಂಗರ್, ಗಿಟಾರ್ ನುಡಿಸೋ ಜೇಮ್ಸ್ ಹೆಟ್‌ಫೀಲ್ಡ್ ಸ್ಟೇಜ್ ಮೇಲಿನ ಬೆಂಕಿ ಏಳೋ ಜಾಗಕ್ಕೇ ಕಾಲಿಟ್ಟ, ಕೈಯೆಲ್ಲ ಸುಟ್ಟು ಹೋಯ್ತು, ಆಸ್ಪತ್ರೆಗೆ ಸಾಗಿಸಿದ್ರು, ಸೆಟ್ ಅಲ್ಲಿಗೇ ನಿಂತಿತು. ಜನ ಅರ್ಥ ಮಾಡ್ಕೊಂಡ್ರು. ಆಮೇಲೆ ಗನ್ಸ್ ಎನ್ ರೋಸಸ್ ಬರೋಕೆ ಬಹಳ ಹೊತ್ತು ಮಾಡಿದ್ರು, ಬಂದ್ಮೇಲೂ ಅವ್ರ ಸಿಂಗರ್ ಆಕ್ಸೆಲ್ ರೋಸ್ ಗಂಟಲು ಸರಿ ಇಲ್ಲ ಅಂತ ಬೇಗನೇ ಸ್ಟೇಜ್ ಬಿಟ್ಟು ಹೋದ. ಸ್ಟೇಡಿಯಂ ಒಳಗೂ ಹೊರಗೂ ಗಲಭೆ ಆಯ್ತು. ಅದೇ ತಿಂಗಳು ಮುಗಿಯೋದ್ರೊಳಗೆ ಹೆಟ್‌ಫೀಲ್ಡ್ ಕೈಗೆ ಬ್ಯಾಂಡೇಜ್ ಸುತ್ಕೊಂಡು ವಾಪಸ್ ಬಂದ, ಗಿಟಾರ್ ಹಿಡಿಯೋಕಾಗಲ್ಲ, ಅದನ್ನ ಜಾನ್ ಮಾರ್ಷಲ್ ನುಡಿಸಿದ, ಇವನು ಬರೀ ಹಾಡಿದ. ಒಂದೇ ಟೂರು, ಎರಡು ಥರದ ಮನುಷ್ಯರು ಅಂತ ಬಹಳ ವರ್ಷ ಅಂದ್ಕೊಂಡಿದ್ರು ಜನ. ಆದ್ರೆ ಕಥೆ ಅಲ್ಲಿಗೆ ನಿಲ್ಲಲ್ಲ. 2015ರ ಜೂನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಲ್ಲಿ ಫೂ ಫೈಟರ್ಸ್‌ನ ಸಿಂಗರ್ ಡೇವ್ ಗ್ರೋಲ್ ಎರಡನೇ ಹಾಡಿಗೇ ಸ್ಟೇಜಿಂದ ಕೆಳಗೆ ಬಿದ್ದು ಕಾಲು ಮುರ್ಕೊಂಡ, ಡಾಕ್ಟರ್ ಹತ್ರ ತೋರ್ಸ್ಕೊಂಡು ವಾಪಸ್ ಬಂದು ಕುರ್ಚೀಲಿ ಕೂತು ಶೋ ಪೂರ್ತಿ ಮಾಡಿದ, ಆಮೇಲೆ ಒಂದು ಸಿಂಹಾಸನದಂಥ ಕುರ್ಚಿ ಮಾಡಿಸ್ಕೊಂಡು ಮುಂದಿನ ಟೂರ್ ಮುಗಿಸಿದ. ಮಾರನೇ ವರ್ಷ ಆಕ್ಸೆಲ್ ರೋಸ್ ಕಾಲು ಮುರಿದಾಗ ಗ್ರೋಲ್ ಆ ಕುರ್ಚೀನ ಅವನಿಗೆ ಕೊಟ್ಟ. ಅದೇ ಹೊತ್ತಿಗೆ ಎಸಿ ಡಿಸಿ ಬ್ಯಾಂಡಿನ ಸಿಂಗರ್ ಬ್ರಯಾನ್ ಜಾನ್ಸನ್‌ಗೆ ಕಿವಿ ತೊಂದ್ರೆ ಆಗಿ ಟೂರ್ ಬಿಡ್ಬೇಕಾಯ್ತು, ಆಕ್ಸೆಲ್ ಹೋಗಿ 2016ರ ಮೇ 7ಕ್ಕೆ ಲಿಸ್ಬನ್ನಲ್ಲಿ ಆ ಕುರ್ಚೀಲಿ ಕೂತ್ಕೊಂಡೇ ಅವ್ರ ಪರವಾಗಿ ಹಾಡಿದ. ಮನುಷ್ಯ ಬದಲಾಗ್ತಾನೆ. ಇದನ್ನ ನೋಡಿದ್ಮೇಲೆ ಯಾವ ಬ್ಯಾಂಡಿನ ಮೇಲೂ ಶಾಶ್ವತವಾಗಿ ಮುನಿಸ್ಕೊಳ್ಳೋದು ನಾನು ಬಿಟ್ಟಿದೀನಿ.

ತಡವಾಗಿ ಬರೋದರ ಬಗ್ಗೆ ಇನ್ನೊಂದು ಮಾತು, ನಮ್ಮಲ್ಲಿ ಇದು ಬೇರೆ ದೇಶಕ್ಕಿಂತ ದುಬಾರಿ. ರಾತ್ರಿ 10ರ ಮೇಲೆ ಬಯಲಲ್ಲಿ ಸ್ಪೀಕರ್ ಹಾಕೋ ಹಾಗಿಲ್ಲ, 2000ನೇ ಇಸವಿಯ ನಿಯಮ, ಸುತ್ತಮುತ್ತ ಮನೆ ಇದಾವೆ, ಮಕ್ಕಳು ವಯಸ್ಸಾದೋರು ಇದಾರೆ, ನಿಯಮ ಸರೀನೇ. ಆದ್ರೆ ಗೇಟ್ ಒಂದು ಗಂಟೆ ತಡ ಆದ್ರೆ, ವೇದಿಕೆ ಮೇಲೆ ಸ್ಪಾನ್ಸರ್ ಭಾಷಣ ಅರ್ಧ ಗಂಟೆ ಹಿಡಿದ್ರೆ, ಅಷ್ಟೂ ಹೊತ್ತು ಹೋಗೋದು ಸೆಟ್‌ಲಿಸ್ಟಿನ ಬಾಲದಿಂದ. ನೀವು ವರ್ಷಗಟ್ಲೆ ಕಾದ ಹಾಡು ಅಲ್ಲೇ ಕೊನೇಲಿ ಇರುತ್ತೆ.

ಅರಮನೆ ಮೈದಾನದಲ್ಲಿ ಆ ಥರದ ದೊಡ್ಡ ಶೋಗಳ ಕಾಲ ಮುಗೀತು. ಬಳ್ಳಾರಿ ರಸ್ತೆ ಏರ್‌ಪೋರ್ಟ್ ರಸ್ತೆ ಆದ್ಮೇಲೆ ಟ್ರಾಫಿಕ್ ತಡೆಯೋಕಾಗಲ್ಲ, ಶೋಗಳು ಊರ ಹೊರಗೆ ಹೋದ್ವು, ಈಗ ತುಮಕೂರು ರಸ್ತೆ ಆ ಕಡೆ. ಎಷ್ಟೋ ದೊಡ್ಡ ರಾಕ್ ಬ್ಯಾಂಡುಗಳು ಬಂದ್ರೂ ಮುಂಬೈಗೆ ಬಂದು ಹಂಗೇ ಹೋಗಿದಾವೆ, 2025ರ ಮೇನಲ್ಲಿ ಗನ್ಸ್ ಎನ್ ರೋಸಸ್ ಬಂದಿದ್ದು ಅಲ್ಲಿಗೇ. ಒಂದು ಕಾಲಕ್ಕೆ ದಕ್ಷಿಣದೋರು ಅಂದ್ರೆ ಮೆಟಲ್, ಮೆಟಲ್ ಅಂದ್ರೆ ಬೆಂಗ್ಳೂರು ಅಂತ ಇತ್ತು, ಅದು ಹೋಯ್ತಲ್ಲ ಅನ್ನೋದು ನನಗೆ ನಿಜವಾಗ್ಲೂ ನೋವಿನ ವಿಷ್ಯ. ನಮ್ಮೂರಿಗೆ ಬೇಕಾಗಿರೋದು ಮೆಟ್ರೋ ಹೋಗೋ ಕಡೆ, ಸರಿಯಾದ ಬಾಗಿಲು, ಶೌಚಾಲಯ, ಕುಡಿಯೋ ನೀರು ಇರೋ ಒಂದು ಬಯಲು, ಸಂಗೀತಕ್ಕೆ ಅಂತಾನೇ.

ಪ್ರಶ್ನೆಗಳಿಗೆ ಬರ್ತೀನಿ.

ಒಬ್ಬ ಹುಡುಗಿ ಕೇಳಿದ್ಲು, ಸರ್, ಮುಂಬೈಗೆ ಶೋಗೆ ಹೋಗ್ಬೇಕು ಅಂತ ಇದೀನಿ, ಟಿಕೆಟ್ ಯಾವ್ದು ತಗೊಳ್ಳಿ, ಎಲ್ಲಿ ನಿಲ್ಲಲಿ ಅಂತ. ನಾನು ಹೇಳಿದ್ದು, ಅಮ್ಮಾ, ದುಬಾರಿ ಟಿಕೆಟ್ ಬೇಡ. ಮೊದ್ಲು ವೇದಿಕೆಯ ನಕ್ಷೆ ನೋಡು, ಟಿಕೆಟ್ ಮಾರೋ ಕಡೆ ಹಾಕಿರ್ತಾರೆ. ಮುಂದಿನ ಜಾಗ ಎಷ್ಟು ದೂರದ ತನಕ ವಿಐಪಿಗೆ ಹೋಗಿದೆ ನೋಡ್ಕೋ. ಒಳಗೆ ಹೋದ್ಮೇಲೆ ಮಿಕ್ಸಿಂಗ್ ಕನ್ಸೋಲ್ ಎಲ್ಲಿದೆ ಹುಡುಕು, ಅದರ ಮುಂದೆ, ಸಾಧ್ಯವಾದಷ್ಟು ನಡುಮಧ್ಯ ನಿಲ್ಲು. ಸೌಂಡ್ ಎಂಜಿನಿಯರ್ ತನ್ನ ಕಿವಿಗೆ ಚೆನ್ನಾಗಿ ಕೇಳೋ ಹಾಗೆ ಹೊಂದಿಸಿರ್ತಾನೆ, ಅವನಿಗೆ ಕೇಳಿದ್ದು ನಿನಗೂ ಕೇಳುತ್ತೆ. ಹೊರಗೆ ಹೋಗೋ ಬಾಗಿಲು ಎಲ್ಲಿದೆ ಅಂತ ಬೆಳಕಿರುವಾಗಲೇ ನೋಡಿಟ್ಕೋ. ಫ್ರೆಂಡ್ಸ್ ಜೊತೆ ಹೋದ್ರೆ ತಪ್ಪಿಸ್ಕೊಂಡ್ರೆ ಎಲ್ಲಿ ಸೇರೋದು ಅಂತ ಮುಂಚೇನೇ ಮಾತಾಡ್ಕೊಳ್ಳಿ, ಅಷ್ಟು ಜನ ಇದ್ರೆ ಫೋನ್ ಸಿಗ್ನಲ್ ಸಿಗಲ್ಲ.

ಹಿಂದಿನ ಸಾಲಿಂದ ಒಬ್ರು ಹಿರಿಯರು, ಮೇಷ್ಟ್ರು ಅಂತ ಆಮೇಲೆ ಗೊತ್ತಾಯ್ತು, ಈ ಸದ್ದಿಗೆ ಮಕ್ಕಳ ಕಿವಿ ಹಾಳಾಗಲ್ವೇನಪ್ಪ ಅಂತ ಕೇಳಿದ್ರು. ಆಗುತ್ತೆ ಸಾರ್, ಖಂಡಿತ ಆಗುತ್ತೆ. 85 ಡೆಸಿಬೆಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರ್ಬಹುದು ಅಂತ ಅಮೆರಿಕದ ಕೆಲಸದ ಜಾಗಗಳಿಗೆ ಶಿಫಾರಸು ಮಾಡಿರೋ ಲೆಕ್ಕ ಇದೆ, ಪ್ರತಿ 3 ಡೆಸಿಬೆಲ್ ಏರಿದ್ರೆ ಆ ಹೊತ್ತು ಅರ್ಧ ಆಗ್ತಾ ಹೋಗುತ್ತೆ, 100ಕ್ಕೆ ಬರೋ ಹೊತ್ತಿಗೆ ಬರೀ 15 ನಿಮಿಷ. ರಾಕ್ ಶೋ ಎರಡು ಗಂಟೆ, ಸದ್ದು 100ರ ಆಸುಪಾಸು ಅಥವಾ ಮೇಲೆ. ಅದಕ್ಕೆ ಇಯರ್‌ಪ್ಲಗ್ ಹಾಕ್ಕೊಳ್ಳಿ, ಮೆಡಿಕಲ್ ಸ್ಟೋರಲ್ಲಿ ಸಿಗೋ ಸ್ಪಂಜಿನದ್ದಾದ್ರೂ ಸರಿ, ಸಂಗೀತಕ್ಕೆ ಅಂತ ಮಾಡಿರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಸದ್ದು ಕಮ್ಮಿ ಆಗುತ್ತೆ, ಹಾಡು ಸ್ಪಷ್ಟವಾಗೇ ಕೇಳುತ್ತೆ. ಸ್ಟೇಜ್ ಮೇಲೆ ನುಡಿಸೋರಲ್ಲೂ ಸುಮಾರು ಜನ ಹಾಕ್ಕೊಂಡಿರ್ತಾರೆ, ನಾವೂ ಹಾಕ್ಕೊಳ್ಳೋಣ.

ಕೊನೇದು. ಒಬ್ಬ ಹುಡುಗ, ದುಡ್ಡಿಲ್ಲ ಸರ್, ಮುಂಬೈ ಎಲ್ಲ ಆಗಲ್ಲ, ನಾನೇನು ಮಾಡ್ಲಿ ಅಂದ. ಊರಿನ ಬ್ಯಾಂಡುಗಳನ್ನ ನೋಡು ಮಗಾ. ಕ್ರಿಪ್ಟೋಸ್ ಅಂತ ಬೆಂಗ್ಳೂರಿನ ಬ್ಯಾಂಡು, 1998ರಿಂದ ಇದಾರೆ, ಜರ್ಮನಿಯ ವಾಕೆನ್ ಅನ್ನೋ ದೊಡ್ಡ ಮೆಟಲ್ ಹಬ್ಬದಲ್ಲಿ ನುಡಿಸಿ ಬಂದಿದಾರೆ, ಅವ್ರನ್ನ ಇಲ್ಲಿ ಚಿಕ್ಕ ಹಾಲಲ್ಲಿ ಹತ್ತಡಿ ದೂರದಿಂದ ನೋಡ್ಬಹುದು. ಕಾಲೇಜ್ ಫೆಸ್ಟಲ್ಲಿ ಹೊಸ ಹುಡುಗ್ರು ನುಡಿಸ್ತಾರೆ, ಟಿಕೆಟ್ಟೂ ಇರಲ್ಲ. ದೊಡ್ಡ ಬ್ಯಾಂಡಿಗಿಂತ ಮುಂಚೆ ಬರೋ ಓಪನಿಂಗ್ ಬ್ಯಾಂಡ್ ನುಡಿಸುವಾಗ ಹೊರಗೆ ತಿಂಡಿ ತಿನ್ನೋಕೆ ಹೋಗ್ಬೇಡ, ಅವ್ರಿಗೆ ಸೌಂಡ್‌ಚೆಕ್ಕಿಗೆ ಟೈಮ್ ಕೊಟ್ಟಿರಲ್ಲ, ವಾಲ್ಯೂಮೂ ಕಮ್ಮಿ ಇಟ್ಟಿರ್ತಾರೆ, ಅದರ ಮೇಲೆ ಎದುರಿಗೆ ಜನಾನೂ ಇಲ್ಲ ಅಂದ್ರೆ ಹೆಂಗೆ. ಮುಂದೆ ಹೋಗಿ ನಿಲ್ಲು, ಹಾಡು ಗೊತ್ತಿಲ್ದೇ ಇದ್ರೂ ಪರ್ವಾಗಿಲ್ಲ. ಈ ಶನಿವಾರ ನಿಮ್ಮ ಕಾಲೇಜಲ್ಲೇ ಇದೆ ಅಂತ ಬರ್ತಾ ಗೋಡೆ ಮೇಲೆ ಪೋಸ್ಟರ್ ನೋಡ್ದೆ, ಸಂಜೆ ಐದೂವರೆಗೆ, ನಾನೂ ಬರ್ತೀನಿ.